ಬಂಗುಡೆಯ ಕಿವಿರಿನೊಳಗೆ

ಭಾನುವಾರ ಕಾಸರಗೋಡು ಮಾರ್ಕೆಟಿನಿಂದ ಬಂಗುಡೆ ತಂದಿದ್ದೆ. ಒಂದರ ಕಿವಿರು ತೆರೆದರೆ ಒಳಗೆ ಬೆಳ್ಳಗಿನ ಹುಳ! ಕೊಕ್ಕೆಯಂಥ ಕಾಲುಗಳನ್ನು ಊರಿ ಗಟ್ಟಿಯಾಗಿ ಕೂತಿತ್ತು.

"ಬಿಸಾಡು ಮಾರಾಯ್ತಿ, ಮೀನು ಚೆನ್ನಾಗಿಯೇ ಉಂಟು" ಅಂದರು ಅತ್ತೆ. ನಾನು ಬಿಸಾಡಲಿಲ್ಲ. ತಟ್ಟೆಯಲ್ಲಿ ನೀರು ಹಾಕಿ ಇಟ್ಟು ತುಂಬಾ ಹೊತ್ತು ನೋಡಿದೆ. ಇದು ಸಿಗಡಿಯ ದೂರದ ನೆಂಟ. ಮೊದಲು ಗಂಡಾಗಿದ್ದು ಆಮೇಲೆ ಹೆಣ್ಣಾಗುತ್ತದೆ.

ನನ್ನನ್ನು ಜಾಸ್ತಿ ಕಾಡುವುದು ಕಿವಿರಿನ ಇನ್ನೂ ಸಣ್ಣ ಹುಳಗಳು. ಅಟ್ಲಾಂಟಿಕ್ ಬಂಗುಡೆಯಲ್ಲಿ ಕುಹ್ನಿಯಾ ಎಂಬ ಚಪ್ಪಟೆಹುಳಗಳ ಕುಲದ ಎರಡು ಜಾತಿಗಳಿವೆ. ಒಂದು ಕಿವಿರಿನ ಎಳೆಗಳ ಮೇಲೆ, ಇನ್ನೊಂದು ಮುಚ್ಚಳದ ಒಳಮೈಯ ಪುಟ್ಟ ಹುಸಿಕಿವಿರಿನ ಮೇಲೆ. ಜಾಗಕ್ಕೆ ಜಗಳವಾಡಿ ಬೇರೆಯಾದವು ಅನ್ನಿಸುತ್ತದೆ, ಅಲ್ವಾ? ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದ ವಿಜ್ಞಾನಿ ಕ್ಲಾಸ್ ರೋಡೆ ಹಾಗೆ ಒಪ್ಪಲಿಲ್ಲ. ಮೀನಿನ ಮೈಮೇಲೆ ಖಾಲಿ ಜಾಗ ಬೇಕಾದಷ್ಟಿದೆ ಅಂದರು. ಅವರ ಪ್ರಕಾರ, ಮಿಲನದ ಅಂಗ ಒಂದೇ ಥರ ಇರುವ ಹತ್ತಿರದ ಜಾತಿಗಳು ದೂರ ದೂರ ಇರುತ್ತವೆ. ಅಂಗ ಬೇರೆ ಥರ ಇದ್ದರೆ ಒಟ್ಟಿಗೇ ಇರಬಲ್ಲವು. ಯಾಕೆಂದರೆ ತಪ್ಪು ಜೋಡಿ ಆಗಬಾರದು, ತಮ್ಮವರು ಹತ್ತಿರವೇ ಸಿಗಬೇಕು. ಎಷ್ಟು ಚಂದದ ಯೋಚನೆ!

ಇನ್ನು ಬೂತಾಯಿ ತಂದರೂ ಮೊದಲು ಕಿವಿರು ತೆರೆದು ನೋಡುತ್ತೇನೆ. ಲೆನ್ಸ್ ಆಗಲೇ ಅಡುಗೆಮನೆಗೆ ಬಂದಾಯಿತು.