ಜಿಂಕೆಗಳಿಗಾಗಿ ಅರ್ಧ ಎಕರೆ ಕ್ಲೋವರ್

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿರುವ ನಮ್ಮ ಮನೆಯ ಹಿಂದೆ, ಕಾಡಿನ ಅಂಚಿಗೆ ತಾಗಿದ ಅರ್ಧ ಎಕರೆಯಲ್ಲಿ ಮೂರು ವರ್ಷಗಳಿಂದ ಜಿಂಕೆಗಳಿಗಾಗಿಯೇ ಕ್ಲೋವರ್ ಎಂಬ ಮೂರೆಲೆಯ ಮೇವಿನ ಸೊಪ್ಪು ಬೆಳೆಯುತ್ತಿದ್ದೇನೆ. ಇಲ್ಲಿನವರು ಇದನ್ನು ‘ಫುಡ್ ಪ್ಲಾಟ್’ ಎನ್ನುತ್ತಾರೆ. ಬಹಳಷ್ಟು ಜನ ಬೇಟೆಯ ಹಂಗಾಮಿಗೆಂದು ಬಿತ್ತಿದರೂ, ನನಗೆ ಬೇಕಾದದ್ದು ಬಿಳಿಬಾಲದ ಜಿಂಕೆಗಳು ಸಂಜೆ ಮರಿಗಳೊಂದಿಗೆ ಬಂದು ಮೇಯುವುದನ್ನು ನೋಡುವುದಷ್ಟೇ.

ಮೊದಲ ವರ್ಷದ ಬಿತ್ತನೆ ಪೂರ್ತಿ ಕೆಟ್ಟಿತು. ಮಣ್ಣು ಪರೀಕ್ಷೆ ಮಾಡಿಸದೆ ಬಿತ್ತಿದ್ದೆ. ಆಮೇಲೆ ಮಾಡಿಸಿದಾಗ ಪಿಎಚ್ (ಹುಳಿಯ ಅಳತೆ; ಅದು ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.4 ಎಂದು ಬಂತು. ಕ್ಲೋವರ್‌ಗೆ ಅದು 6ರಿಂದ 7ರ ಒಳಗಿರಬೇಕು. ಸುಣ್ಣ ಹಾಕಿದ ಮೇಲೂ ಮಣ್ಣಿನ ಹುಳಿ ತಗ್ಗಲು ತಿಂಗಳುಗಳೇ ಹಿಡಿಯುತ್ತವೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಎಳ್ಳಿಗಿಂತಲೂ ಸಣ್ಣದಾದ ಆ ಬೀಜವನ್ನು ಹರಗಿ ಆಳಕ್ಕೆ ಮುಚ್ಚಿದ್ದು. ಕಾಲು ಅಂಗುಲ ದಾಟಿದರೆ ಅದರ ಮೊಳಕೆಗೆ ಮೇಲೆ ಬರುವ ಕಸುವಿರುವುದಿಲ್ಲ.

ಮರುವರ್ಷ ಮಾರ್ಚ್‌ನಲ್ಲಿ, ನೆಲ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ, ಊರಿನಲ್ಲಿ ಎಳ್ಳಿಗೆ ಬೆರೆಸುವಂತೆ ಬೀಜಕ್ಕೆ ಮರಳು ಬೆರೆಸಿ ಎರಚಿದೆ. ಹಾಗೆ ಹೆಪ್ಪುಗಟ್ಟಿ ಕರಗುವಾಗ ನೆಲ ಬಿರಿದು ಮತ್ತೆ ಕೂಡಿಕೊಳ್ಳುವುದರಿಂದ ಬೀಜ ತಾನಾಗಿಯೇ ಮಣ್ಣಿನೊಳಗೆ ಸೇರುತ್ತದೆ. ಉಳುವ ಅಗತ್ಯವೇ ಬೀಳುವುದಿಲ್ಲ.

ಇಷ್ಟು ಕಷ್ಟಪಡುವ ಬದಲು ಮೆಕ್ಕೆಜೋಳ ಸುರಿಯಬಾರದೇ ಎಂದು ಸ್ನೇಹಿತರು ಕೇಳುತ್ತಾರೆ. ಖಂಡಿತ ಸುರಿಯಬಾರದು. ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ಸಿಡಬ್ಲ್ಯೂಡಿ ಎಂಬ ಮಿದುಳಿನ ರೋಗ ಈ ರಾಜ್ಯದಲ್ಲಿ 2002ರಲ್ಲಿ ಪತ್ತೆಯಾಯಿತು. ಅದು ಜೊಲ್ಲಿನಿಂದಲೂ ಹರಡುತ್ತದೆ, ಒಂದೇ ರಾಶಿಗೆ ಹತ್ತು ಮೂತಿಗಳು ಬಂದರೆ ಅಪಾಯ ಹೆಚ್ಚು. ಜೊತೆಗೆ ಚಳಿಗಾಲದಲ್ಲಿ ಕಡ್ಡಿ, ಚಿಗುರುಗಳಿಗೆ ಒಗ್ಗಿಕೊಂಡ ಹೊಟ್ಟೆಗೆ ಒಮ್ಮೆಲೇ ಕಾಳು ಬಿದ್ದರೆ ಆಮ್ಲ ಹೆಚ್ಚಿ ಪ್ರಾಣಿ ಸಾಯಲೂಬಹುದು. ಹರಡಿ ಬೆಳೆದ ಹಸಿರಿನಲ್ಲಾದರೆ ಅವು ಚದುರಿ ಮೇಯುತ್ತವೆ.

ಮೇವು ಸಾಲುತ್ತಿದೆಯೇ ಎಂದು ತಿಳಿಯಲು ನಡುವೆ ಜಿಂಕೆ ಬಾಯಿ ಹಾಕಲಾಗದ ಒಂದು ಸಣ್ಣ ತಂತಿಬಲೆಯ ಪಂಜರವನ್ನು ನೆಟ್ಟಿದ್ದೇನೆ. ಈ ಜೂನ್‌ನಲ್ಲಿ ಅದರೊಳಗಿನ ಕ್ಲೋವರ್ ಗೇಣುದ್ದ ಬೆಳೆದು ಬಿಳಿ ಹೂ ಬಿಟ್ಟಿತ್ತು. ಹೊರಗೆ ಎರಡು ಬೆರಳಿನಷ್ಟೂ ಉಳಿದಿರಲಿಲ್ಲ. ಜಿಂಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿಲ್ಲದ ಕಾರಣ ಅದು ಮೇವನ್ನು ಕಿತ್ತು ತಿನ್ನುತ್ತದೆ, ಮೊಲವಾದರೆ ಕತ್ತರಿಸಿದಂತೆ ನುಣ್ಣಗೆ ಕಚ್ಚುತ್ತದೆ. ಮಂಡಿಯೂರಿ ನೋಡಿದೆ: ದಂಟುಗಳ ತುದಿಯೆಲ್ಲ ಹರಿದು ನಾರು ನಾರಾಗಿತ್ತು.