ಅದು ನನ್ನ ಕೆಲಸವೇ ಆಗಿತ್ತಲ್ಲ

ಮಂಗಳವಾರ ರಾತ್ರಿ ಅಕ್ಕನ ಮಗಳು ಕೆಲಸದ ಅರ್ಜಿಯ ಜೊತೆಗಿಡಲು ಬರೆದ ತನ್ನ ಕವರ್ ಲೆಟರ್ ಕಳುಹಿಸಿ, ತಪ್ಪುಗಳಿದ್ದರೆ ತಿದ್ದಿಕೊಡಬೇಕೆಂದು ಕೇಳಿಕೊಂಡಳು. ತಪ್ಪು ಒಂದೂ ಇರಲಿಲ್ಲ. ಆದರೆ ಹುಟ್ಟಿದಾಗಿನಿಂದ ಅವಳನ್ನು ಬಲ್ಲ ನನಗೇ, ಓದಿ ಮುಗಿಸಿದ ಮೇಲೆ, ಅದನ್ನು ಬರೆದವರು ಯಾರೆಂದು ಗುರುತು ಹತ್ತಲಿಲ್ಲ. 'ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವ ಅವಕಾಶ', 'ಶ್ರದ್ಧೆ ಮತ್ತು ಪ್ರಾಮಾಣಿಕತೆ', 'ಒತ್ತಡದಲ್ಲಿಯೂ ಕಾರ್ಯನಿರ್ವಹಿಸುವ ಸಾಮರ್ಥ್ಯ' ಎಂಬ ಮಾತುಗಳ ಕೆಳಗೆ ಯಾರ ಹೆಸರು ಹಾಕಿದರೂ ಹೊಂದುತ್ತಿತ್ತು.

ಫೋನ್ ಮಾಡಿ, ಹಿಂದಿನ ಕೆಲಸದಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದೆ. ಆಸ್ಪತ್ರೆಯೊಂದರ ಔಷಧ ದಾಸ್ತಾನು ನೋಡಿಕೊಳ್ಳುತ್ತಿದ್ದೆ ಎಂದಷ್ಟೇ ಹೇಳಿದಳು. ಬಿಡದೆ ಕೇಳಿದಾಗ ವಿಷಯ ಹೊರಬಂತು. ಹೊಸದಾಗಿ ಬಂದ ಪೆಟ್ಟಿಗೆಗಳನ್ನು ಕಪಾಟಿನ ಮುಂದುಗಡೆಯೇ ಇಡುವ ಅಭ್ಯಾಸದಿಂದ ಹಿಂದಿನ ಸಾಲಿನ ಔಷಧಗಳು ಅವಧಿ ಮೀರಿ ಹಾಳಾಗುತ್ತಿದ್ದವು. ಇವಳು 2 ಭಾನುವಾರ ಒಬ್ಬಳೇ ಕುಳಿತು, ಮೊದಲು ಅವಧಿ ಮುಗಿಯುವುದು ಮೊದಲು ಹೊರಗೆ ಹೋಗುವಂತೆ ಎಲ್ಲವನ್ನೂ ಮರುಜೋಡಿಸಿ, ಪ್ರತಿ ಕಪಾಟಿಗೂ ದಿನಾಂಕದ ಚೀಟಿ ಅಂಟಿಸಿದ್ದಳು. 4 ತಿಂಗಳಲ್ಲಿ, ಎಸೆಯಬೇಕಾದ ಔಷಧದ ಪ್ರಮಾಣ ಅರ್ಧಕ್ಕಿಂತ ಕಡಿಮೆಯಾಗಿತ್ತು.

"ಇದನ್ನೇಕೆ ಬರೆಯಲಿಲ್ಲ?"

"ಅದರಲ್ಲಿ ಬರೆಯುವುದೇನಿದೆ ಚಿಕ್ಕಮ್ಮ? ಅದು ನನ್ನ ಕೆಲಸವೇ ಆಗಿತ್ತಲ್ಲ."

ಈ ಮಾತು ವಾರವಿಡೀ ನನ್ನ ಕಿವಿಯಲ್ಲಿದೆ. ಅವಳು ಅರ್ಜಿ ಹಾಕುತ್ತಿದ್ದುದು ಉಗ್ರಾಣದ ಮೇಲ್ವಿಚಾರಣೆಯ ಹುದ್ದೆಗೆ. ದಾಸ್ತಾನು ಹಾಳಾಗದಂತೆ ನೋಡಿಕೊಳ್ಳಬಲ್ಲವರು ಬೇಕೆಂದು ಜಾಹೀರಾತಿನಲ್ಲಿ ಸ್ಪಷ್ಟವಾಗಿಯೇ ಇತ್ತು. ಎಲ್ಲಿ, ಎಷ್ಟು ವರ್ಷ ಕೆಲಸ ಮಾಡಿದೆವೆಂಬುದು ರೆಸ್ಯೂಮೆಯಲ್ಲಿ ಹೇಗೂ ಇರುತ್ತದೆ. ಕೆಲಸ ಕೊಡುವವರ ಕೊರತೆಗೂ ನಮ್ಮ ಅನುಭವಕ್ಕೂ ಇರುವ ನಂಟನ್ನು ತೋರಿಸಲು ಸಿಗುವುದು ಆ ಒಂದು ಪುಟದ ಪತ್ರವೊಂದೇ. ಲಿಯೊನಾರ್ಡೊ ಡಾ ವಿಂಚಿ 1482ರ ಸುಮಾರಿಗೆ ಮಿಲಾನಿನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನಿಂದ ಕೆಲಸ ಕೋರಿ ಸಿದ್ಧಪಡಿಸಿದ ಪತ್ರದಲ್ಲಿಯೂ, ಸುಲಭವಾಗಿ ಹೊತ್ತೊಯ್ಯಬಲ್ಲ ಸೇತುವೆ ಮೊದಲಾದ ಯುದ್ಧೋಪಯೋಗಿ ಸಂಗತಿಗಳೇ ಮುಂದಿವೆ. ಚಿತ್ರಕಲೆಯ ಪ್ರಸ್ತಾಪ ಬರುವುದು ಕೊನೆಯಲ್ಲಿ. ಓದುವವನಿಗೆ ಆ ಹೊತ್ತಿಗೆ ಬೇಕಾಗಿದ್ದುದು ಏನೆಂದು ಲಿಯೊನಾರ್ಡೊಗೆ ಗೊತ್ತಿತ್ತು.

ಮಾದರಿ ಪತ್ರಗಳನ್ನು ಹಂಚುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಅವರು ಕೊಡುವುದು ಗುಣವಾಚಕಗಳನ್ನು. ತೆಗೆದುಕೊಳ್ಳುವವರು ಬಹುಮಟ್ಟಿಗೆ ಇವಳಂಥವರು, ಮಾಡಿದ ಕೆಲಸವನ್ನು ಬಾಯಿಬಿಟ್ಟು ಹೇಳುವುದೇ ಜಂಬವೆಂದು ನಂಬಿ ಬೆಳೆದವರು. ತಾನು ಶ್ರದ್ಧಾವಂತೆ ಎಂದು ಬರೆದುಕೊಳ್ಳಲು ಅವಳಿಗೆ ಸಂಕೋಚವಾಗಲಿಲ್ಲ, ಏಕೆಂದರೆ ಅದು ಬೇರೆ ಯಾರದೋ ವಾಕ್ಯ. ಕಪಾಟು ಜೋಡಿಸಿದೆ ಎಂದು ಬರೆಯಲು ಸಂಕೋಚವಾಯಿತು. ಮನೆಯಲ್ಲಿ ನಾವೂ ಅವಳಿಗೆ ಕಲಿಸಿದ್ದು ಅದನ್ನೇ: ಮಾಡಿದ್ದನ್ನು ಹೇಳಿಕೊಳ್ಳಬಾರದು. ನಾನೇ ಎಷ್ಟೋ ಸಲ ಹಾಗೆ ಹೇಳಿದ್ದೇನೆ, ಮತ್ತು ಅದಕ್ಕಾಗಿ ಈಗ ನನಗೆ ನೋವಾಗುತ್ತಿದೆ.

ಬುಧವಾರ ಹೊಸ ಪತ್ರ ಬಂತು. ಮೊದಲ ಪ್ಯಾರಾದಲ್ಲಿಯೇ ಅವಧಿ ಮೀರಿದ ಔಷಧಗಳಿದ್ದವು, ದಿನಾಂಕದ ಚೀಟಿಗಳಿದ್ದವು. ಆದರೆ ವಾಕ್ಯ ಆರಂಭವಾಗಿದ್ದು 'ನಮ್ಮ ವಿಭಾಗವು' ಎಂದು. ಆ ಭಾನುವಾರಗಳಲ್ಲಿ ವಿಭಾಗದಿಂದ ಇನ್ಯಾರು ಬಂದಿದ್ದರೆಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರೂ ಇಲ್ಲ" ಎಂದಳು. ಅರ್ಧ ಗಂಟೆಯ ನಂತರ ಬಂದ ಪ್ರತಿಯಲ್ಲಿ ಆ ವಾಕ್ಯ 'ನಾನು' ಎಂದು ಆರಂಭವಾಗಿತ್ತು.