ಅಂಕಿಯ ಪಕ್ಕದ ಖಾಲಿ ಜಾಗ

ಶಿರಸಿಯ ನಮ್ಮ ಮನೆಯಲ್ಲಿ ಅಪ್ಪಯ್ಯ ಬರೆದಿಟ್ಟಿದ್ದ ಮಳೆ ಲೆಕ್ಕದ ಪುಸ್ತಕವನ್ನು ಕಳೆದ ವಾರ ಕಂಪ್ಯೂಟರಿಗೆ ಏರಿಸಲು ಕುಳಿತಾಗ, ಜುಲೈ ತಿಂಗಳ ಒಂದು ದಿನದ ಎದುರು ಬರೀ ‘4’ ಎಂದೂ, ಅದೇ ಪುಟದ ಕೆಳಗೆ ‘96’ ಎಂದೂ ಇತ್ತು. ಮೊದಲನೆಯದು ಇಂಚು, ಎರಡನೆಯದು ಮಿಲಿಮೀಟರ್. ನಡುವೆ ಹಳೆಯ ಮಳೆಮಾಪಕ ಒಡೆದು ಹೊಸದು ಬಂದದ್ದು ನನಗೆ ನೆನಪಿದೆ, ಕಂಪ್ಯೂಟರಿಗಿಲ್ಲ.

ಒಂದು ಇಂಚು ಎಂದರೆ ಕರಾರುವಾಕ್ಕಾಗಿ 25.4 ಮಿಲಿಮೀಟರ್. ಹಾಗೆಂದು 4 ಇಂಚನ್ನು 101.6 ಎಂದಷ್ಟೇ ಬರೆದರೆ, ಅಪ್ಪಯ್ಯ ಕವಳ ಜಗಿಯುತ್ತ ಅಂದಾಜಿನಲ್ಲಿ ನೋಡಿದ ಅಳತೆಗೆ ಇಲ್ಲದ ನಿಖರತೆಯನ್ನು ನಾನೇ ಅಂಟಿಸಿದಂತಾಗುತ್ತದೆ. ಆದ್ದರಿಂದ ಮೂಲ ಅಂಕಿ, ಮೂಲ ಏಕಮಾನ, ಪರಿವರ್ತಿತ ಅಂಕಿ ಈ ಮೂರಕ್ಕೂ ಬೇರೆ ಬೇರೆ ಕಾಲಂ ಮಾಡಿದೆ. ಮಳೆ ಬಾರದ ದಿನಕ್ಕೆ ಸೊನ್ನೆ, ಅಳೆಯದ ದಿನಕ್ಕೆ ಖಾಲಿ. ಇವೆರಡನ್ನೂ ಒಂದೇ ಎಂದು ಎಣಿಸಿದರೆ ಸರಾಸರಿಯೇ ಕೆಡುತ್ತದೆ.

ಇದು ಅತಿ ಶಿಸ್ತು ಎನ್ನುವವರು 1999ರಲ್ಲಿ ನಾಸಾ ಕಳೆದುಕೊಂಡ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯನ್ನು ನೆನೆಯಬಹುದು. ನೌಕೆಯ ಎಂಜಿನ್ ಕೊಟ್ಟ ನೂಕಿನ ಲೆಕ್ಕವನ್ನು ಒಂದು ತಂತ್ರಾಂಶ ಪೌಂಡ್-ಸೆಕೆಂಡ್ ಎಂಬ ಬ್ರಿಟಿಷ್ ಏಕಮಾನದಲ್ಲಿ ಕೊಟ್ಟರೆ, ಇನ್ನೊಂದು ಅದನ್ನು ನ್ಯೂಟನ್-ಸೆಕೆಂಡ್ ಎಂಬ ಮೆಟ್ರಿಕ್ ಏಕಮಾನದ್ದೆಂದೇ ಓದಿತ್ತು. ವ್ಯತ್ಯಾಸ ಸುಮಾರು 4.45 ಪಟ್ಟು.

ನನ್ನ ಪಟ್ಟಿಯಲ್ಲಿ ಇನ್ನೂ ಹನ್ನೊಂದು ಸಾಲುಗಳು ಉಳಿದಿವೆ. ಎಲ್ಲವೂ ‘3’ ಅಥವಾ ‘5’. ಇಂಚಾದರೆ ಜಡಿಮಳೆ, ಮಿಲಿಮೀಟರಾದರೆ ತುಂತುರು. ಅವುಗಳ ಎದುರು ‘ಏಕಮಾನ ತಿಳಿಯದು’ ಎಂದೇ ಬರೆದಿದ್ದೇನೆ.